ಲಾಭ, ಎರಡು, ಮೂರು

ಶುಕ್ರವಾರ ಬೆಳಿಗ್ಗೆ ಸಾನ್ವಿಯನ್ನು ಡೇಕೇರಿನೊಳಗೆ ಬಿಟ್ಟು ಬಂದ ಮೇಲೂ ಅಪ್ಪಾಸಾಹೇಬನಿಗೆ ವ್ಯಾನನ್ನು ಹೊರಡಿಸಲು ಕೈ ಬರಲಿಲ್ಲ. ಹ್ಯೂಸ್ಟನ್ನಿನ ಹೊರವಲಯದ ಮಿಸೌರಿ ಸಿಟಿಯ ಆ ಚಿಕ್ಕ ಚರ್ಚಿನ ಹಿಂಬದಿಯಲ್ಲಿ ಡೇಕೇರ್, ಅದರ ಮುಂದೆ ಕೆಲವು ಮೆಟ್ಟಿಲು. ನಾಲ್ಕು ವರ್ಷದ ಮಗಳು ಅವನ್ನು ಎಂದಿನಂತೆ ಎಣಿಸಿಕೊಂಡೇ ಹತ್ತಿದ್ದಳು: ‘ಲಾಭ, ಟೂ, ಥ್ರೀ.’ ಒಂದು ಎನ್ನುವ ಕಡೆ ಲಾಭ ಎನ್ನುವುದು ಅವಳಿಗೆ ಅಪ್ಪನಿಂದ ಬಂದದ್ದು, ಅಪ್ಪನಿಗೆ ಗೋಕಾಕದ ಅವ್ವನಿಂದ. ಅವ್ವ ಜೋಳ ಅಳೆಯುವಾಗ ಮೊದಲ ಸೇರಿಗೆ ಒಂದು ಎಂದವಳಲ್ಲ. ಲಾಭ, ಆಮೇಲೆ ಎರಡು, ಮೂರು. ಆ ಮನೆಯಲ್ಲಿ ಎಣ್ಣೆ ತೀರಿತು ಅನ್ನುವಂತಿರಲಿಲ್ಲ, ಕುಂಕುಮ ಇಲ್ಲ ಅನ್ನುವಂತಿರಲಿಲ್ಲ. ತೀರಿದ ಡಬ್ಬಿಯನ್ನು ಸುಮ್ಮನೆ ಅವನ ಅಪ್ಪನ ಕಣ್ಣಿಗೆ ಬೀಳುವ ಕಡೆ ಇಡುತ್ತಿದ್ದರು, ಅವನು ಸುಮ್ಮನೆ ತುಂಬಿಸಿಕೊಂಡು ಬರುತ್ತಿದ್ದ. ತುಂಬಿಸಲು ಆಗದ ವಾರಗಳಲ್ಲಿ ಡಬ್ಬಿ ಅಲ್ಲೇ ಇರುತ್ತಿತ್ತು, ಯಾರೂ ಅದರ ಕಡೆ ನೋಡುತ್ತಿರಲಿಲ್ಲ. ಸಾನ್ವಿ ಒಳಗೆ ಹೋಗುವಾಗ ತಿರುಗಿ ಕೈ ಬೀಸಿದ್ದಳು. ಇವತ್ತು ಇಲ್ಲಿ ತನ್ನ ಕೊನೆಯ ದಿನ ಎಂದು ಅವಳಿಗೆ ಹೇಳಿದ್ದರೂ ಅದು ಅವಳಿಗೆ ಅರ್ಥವಾದಂತಿರಲಿಲ್ಲ.

ಅರ್ಥವಾಗಿದ್ದವನು ಅವನೊಬ್ಬನೇ. ಡೇಕೇರಿನ ಖರ್ಚಿನಲ್ಲಿ ದೊಡ್ಡ ಪಾಲನ್ನು ಸರಕಾರ ಕೊಡುತ್ತಿತ್ತು, ಚಿಕ್ಕ ಪಾಲನ್ನು ಅವರು. ಮನೆಯ ಆದಾಯ ಏರಿದರೆ ಅವರ ಪಾಲು ಏರುತ್ತದೆ, ಇಳಿದರೆ ಇಳಿಯುತ್ತದೆ, ಗೊತ್ತುಮಾಡಿದ ಮಿತಿ ದಾಟಿದರೆ ಸರಕಾರ ಕೈ ಬಿಡುತ್ತದೆ. ಏರಿಳಿತ ಏನೇ ಆದರೂ ತಾವಾಗಿ ಹೋಗಿ ತಿಳಿಸಬೇಕು. ನಿಮ್ಮ ಆದಾಯ ಮಿತಿ ದಾಟಿದೆ, ಈ ಶುಕ್ರವಾರದಿಂದಾಚೆ ಸಹಾಯವಿಲ್ಲ ಎಂದು ಕಚೇರಿಯಿಂದ ಕಾಗದ ಬಂದಿತ್ತು. ಪೂರ್ತಿ ಖರ್ಚನ್ನು ಹೊರುವ ಶಕ್ತಿ ಇಬ್ಬರ ದುಡಿಮೆ ಸೇರಿದರೂ ಇರಲಿಲ್ಲ. ಹೆಂಡತಿ ವಸುಧಾ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ, ಅದನ್ನು ಬಿಟ್ಟರೆ ಮನೆ ನಡೆಯುವುದಿಲ್ಲ. ಹಾಗಾಗಿ ಭಾನುವಾರ ಸಾನ್ವಿಯನ್ನು ಆಸ್ಟಿನ್ನಿನಾಚೆ ಫ್ಲೂಗರ್‌ವಿಲ್‌ನಲ್ಲಿರುವ ವಸುಧಾಳ ಅಕ್ಕನ ಮನೆಗೆ ಬಿಟ್ಟು ಬರುವುದೆಂದು ಆಗಿತ್ತು. ವಾರವಿಡೀ ಮಗು ಅಲ್ಲಿ, ಶನಿವಾರ ಇವರು ಹೋಗಿ ನೋಡಿಕೊಂಡು ಬರುವುದು. ಕಚೇರಿಯವರು ಏನೋ ಲೆಕ್ಕ ತಪ್ಪಿದ್ದಾರೆ ಎಂದು ವಸುಧಾ ನಂಬಿದ್ದಳು. ತಪ್ಪಿದವನು ತಾನು ಎಂದು ಅವನು ಬಾಯಿ ಬಿಟ್ಟಿರಲಿಲ್ಲ.

ಅವನು ವ್ಯಾನನ್ನು ಹೊರಡಿಸಿದ. ಹಿಂಬದಿಯಲ್ಲಿದ್ದ, ರಿಪೇರಿಗೆ ತಂದ ಹೊಲಿಗೆ ಯಂತ್ರವೊಂದು ತಿರುವಿನಲ್ಲಿ ಗಡಗಡ ಅಂದಿತು. ಡಾಲಸ್ಸಿನ ಕಡೆ, ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿದ್ದಾಗ ಅವನ ಕೊರಳಲ್ಲಿ ಫೋಟೋ ಇರುವ ಬ್ಯಾಡ್ಜ್ ತೂಗುತ್ತಿತ್ತು. ಟೆಲಿಫೋನ್ ಕಂಪನಿ, ಗಾಜಿನ ಕಟ್ಟಡ, ಮಧ್ಯಾಹ್ನ ಮಲ್ಲಿಗೆ ಬಿಳುಪಿನ ಕಾಗದದ ಲೋಟದಲ್ಲಿ ಕಾಫಿ. ಒಂದು ಬುಧವಾರ ಎಲ್ಲರನ್ನೂ ಕೆಫೆಟೀರಿಯಾಕ್ಕೆ ಕರೆದು ಅರ್ಧ ಜನರನ್ನು ಮನೆಗೆ ಕಳಿಸಿದರು. ಕಳಿಸಿದವರು ಕೂಡ ಒಳ್ಳೆಯವರೇ, ಬೆನ್ನು ತಟ್ಟಿ ಕಳಿಸಿದರು. ಕೈಯಲ್ಲಿದ್ದ ದುಡ್ಡು ಕರಗಿ, ಹ್ಯೂಸ್ಟನ್ನಿಗೆ ಬಂದು, ಅಪ್ಪ ಗೋಕಾಕದ ಪೇಟೆಯಲ್ಲಿ ಮಾಡುತ್ತಿದ್ದ ಹೊಲಿಗೆ ಯಂತ್ರದ ರಿಪೇರಿಯನ್ನೇ ಅವನು ಕೈಗೆತ್ತಿಕೊಂಡ. ಇಲ್ಲಿಯೂ ದರ್ಜಿಗಳಿದ್ದರು, ಡ್ರೈ ಕ್ಲೀನಿಂಗ್ ಅಂಗಡಿಗಳ ಮೂಲೆಯಲ್ಲಿ ಪ್ಯಾಂಟು ಮೊಟಕು ಮಾಡುವ ಕೊರಿಯಾದ, ವಿಯೆಟ್ನಾಮಿನ, ಮೆಕ್ಸಿಕೊದ ಹೆಂಗಸರು. ಅವರ ಯಂತ್ರದ ಸದ್ದು ಕೇಳಿದರೆ ಸಾಕು, ಎಲ್ಲಿ ಕೆಟ್ಟಿದೆ ಎಂದು ಅವನ ಬೆರಳಿಗೆ ತಿಳಿಯುತ್ತಿತ್ತು. ಸಹಾಯಧನಕ್ಕೆ ಮೊದಲ ಸಲ ಸಹಿ ಹಾಕಿದ ದಿನ ಮಾತ್ರ ಆ ಬೆರಳು ಹಿಂದೆಮುಂದೆ ನೋಡಿತ್ತು. ಊರಲ್ಲಿ ಯಾರ ಮುಂದೆಯೂ ಕೈ ಚಾಚದ ಮನೆತನ. ಇಲ್ಲಿಯ ಸರಕಾರ ಮಾತ್ರ ನಿಮ್ಮ ಮನೆತನ ಯಾವುದು ಎಂದು ಕೇಳಲಿಲ್ಲ. ಮಗು ಎಷ್ಟು ವರ್ಷದ್ದು, ಇಬ್ಬರೂ ದುಡಿಯುತ್ತೀರಾ ಅಥವಾ ಓದುತ್ತೀರಾ ಎಂದಷ್ಟೇ ಕೇಳಿತು. ರಕ್ತ ತೆಗೆಯುವುದನ್ನು ಕಲಿಯುತ್ತಿದ್ದ ವಸುಧಾಳಿಗೆ ಕೆಲಸ ಸಿಕ್ಕಾಗ ಅವರೇ ಹೋಗಿ ತಿಳಿಸಿದ್ದರು, ಅವರ ಪಾಲು ಸ್ವಲ್ಪ ಏರಿತ್ತು, ಆ ಏರಿಕೆಯನ್ನು ಕಟ್ಟುವಾಗ ಅವನಿಗೆ ತುಂಬ ಹೆಮ್ಮೆಯಾಗಿತ್ತು. ಕಂಡು ಕೇಳರಿಯದ ಜನರ ತೆರಿಗೆಯಲ್ಲಿ ತನ್ನ ಮಗಳು ಬಣ್ಣ ಬಳಿಯುವುದನ್ನು ಕಲಿತಳು, ಸಾಲಿನಲ್ಲಿ ನಿಲ್ಲುವುದನ್ನು ಕಲಿತಳು. ಒಮ್ಮೊಮ್ಮೆ ಸಿಗ್ನಲ್ಲಿನಲ್ಲಿ ನಿಂತಾಗ ಅಕ್ಕಪಕ್ಕದ ಕಾರುಗಳವರನ್ನು ನೋಡಿ, ಇವರಲ್ಲಿ ಯಾರ ದುಡ್ಡಿನಲ್ಲಿ ಅವಳ ಇವತ್ತಿನ ಹಾಲು ಬಂತೋ ಎಂದು ಅವನಿಗೆ ಅನ್ನಿಸುತ್ತಿತ್ತು. ಆದರೆ ಈ ಉಪಕಾರದ ವಿಷಯ ಕನ್ನಡದವರ ನಡುವೆ ಅವನು ಎಂದೂ ಎತ್ತಿರಲಿಲ್ಲ.

ಎತ್ತದೆ ಇದ್ದದ್ದಕ್ಕೇ ಈ ಗತಿ. ದೀಪಾವಳಿಯ ಪಾಡ್ಯ ಮಂಗಳವಾರ ಬಿದ್ದಿತ್ತು. ಹೊಸ ಲೆಕ್ಕ ತೆರೆಯುವ ದಿನ ಅದು, ಅಪ್ಪನ ಕಾಲದಿಂದ ಆವತ್ತು ಬಾಯಲ್ಲಿ ನಷ್ಟದ ಮಾತು ಬರಕೂಡದು. ಅವನು ಸ್ಕ್ರೂಡ್ರೈವರು, ಸೂಜಿಪೆಟ್ಟಿಗೆ, ಎಣ್ಣೆ ಡಬ್ಬಿಗಳನ್ನು ಮಣೆಯ ಮೇಲೆ ಜೋಡಿಸಿ ವಿಭೂತಿ ಹಚ್ಚಿ ಪೂಜೆ ಮಾಡಿದ್ದ. ಮಧ್ಯಾಹ್ನ ಬಸಲಿಂಗಪ್ಪ ಕಾಕಾ ಬಂದರು. ಕಾಕಾ ಅಂದರೆ ಸ್ವಂತ ಕಾಕಾ ಅಲ್ಲ, ಬೈಲಹೊಂಗಲದವರು, ಹೆದ್ದಾರಿಯ ಮೇಲೆ ಮೋಟೆಲು ಇಟ್ಟವರು, ಯಾರ ಮನೆಯ ಸೋಫಾದಲ್ಲಿ ಕುಳಿತರೂ ಆ ಮನೆಯವರೇ ಅತಿಥಿಗಳು ಅನ್ನಿಸುವಷ್ಟು ಆರಾಮಾಗಿ ಕೂರುವವರು. ವಸುಧಾ ಡ್ಯೂಟಿಯಲ್ಲಿದ್ದಳು. ಅವನೇ ಬೇಸನ್ ಉಂಡಿ, ಅವಲಕ್ಕಿ ಚೂಡಾ ತಂದಿಟ್ಟ. ಕಾಕಾ ಉಂಡಿ ಮುರಿದು ಬಾಯಿಗೆ ಹಾಕಿಕೊಂಡು, ಮತ್ತ ಹೆಂಗೈತಪಾ ಧಂಧೆ, ಎಂದು ಕೇಳಿದ ಹೊತ್ತಿಗೆ ಸರಿಯಾಗಿ ಫೋನು ಬಂತು. ಸಹಾಯಧನದ ಕಚೇರಿಯ ಟ್ರೆವಿನೊ ಎಂಬಾಕೆ. ವರ್ಷಕ್ಕೊಮ್ಮೆಯ ವಿಚಾರಣೆ, ಎರಡು ನಿಮಿಷದ ಕೆಲಸ. ನಿಮ್ಮ ವ್ಯಾಪಾರ ಈಗ ಹೇಗಿದೆ, ಎಂದಳು ಆಕೆಯೂ. ಒಂದೇ ಪ್ರಶ್ನೆ ಎರಡು ಕಡೆಯಿಂದ ಬಂದು ಅವನನ್ನು ನಡುವೆ ಹಿಡಿಯಿತು. ಕಾಕಾ ಅಗಿಯುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು. ಅಪ್ಪಾಸಾಹೇಬ ಬೆನ್ನು ನೆಟ್ಟಗೆ ಮಾಡಿಕೊಂಡು, ತನ್ನ ಹಳೆಯ ಆಫೀಸಿನ ಇಂಗ್ಲಿಷಿನಲ್ಲಿ, ವ್ಯಾಪಾರ ಬಹಳ ಚೆನ್ನಾಗಿದೆ ಎಂದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ‘ಡಬಲ್,’ ಎಂದೂ ಸೇರಿಸಿದ. ಕಾಕಾ ಮೆಚ್ಚುಗೆಯಿಂದ ತಲೆಯಾಡಿಸಿದರು, ಇನ್ನೊಂದು ಉಂಡಿ ತೆಗೆದುಕೊಂಡರು. ಆ ಎರಡನೆಯ ಉಂಡಿ ಈಗಲೂ ಅವನ ಕಣ್ಣ ಮುಂದೆ ಬರುತ್ತಿತ್ತು.

ಆಮೇಲೆ ವಿವರ ಬರೆದು ಕಳಿಸಬೇಕಾಗಿ ಬಂದಾಗ, ಬಾಯಲ್ಲಿ ಆಡಿದ್ದಕ್ಕೆ ತಾಳೆಯಾಗಲೆಂದು ಕೈಗೆ ಬಂದ ದುಡ್ಡನ್ನೆಲ್ಲ ಆದಾಯವೆಂದು ಬರೆದ. ಬಿಡಿಭಾಗಕ್ಕೆ, ಪೆಟ್ರೋಲಿಗೆ ಹೋದದ್ದನ್ನು ಬರೆಯುವ ಜಾಗ ಖಾಲಿ ಬಿಟ್ಟ. ನಿಜ ಹೇಳಬೇಕೆಂದರೆ ಹಾರ್ವಿನ್ ರಸ್ತೆಯ ದೊಡ್ಡ ಬಟ್ಟೆ ಅಂಗಡಿ ಬೇಸಿಗೆಯಲ್ಲೇ ಮುಚ್ಚಿತ್ತು, ಅವನ ಅರ್ಧ ಕೆಲಸ ಅದರೊಂದಿಗೇ ಹೋಗಿತ್ತು. ಪಾಡ್ಯದ ಶಾಸ್ತ್ರ ಎಂದು ಅವನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ. ಶಾಸ್ತ್ರವೇ ಆಗಿದ್ದರೆ ಮರುದಿನ ಬೆಳಿಗ್ಗೆ ಫೋನು ಮಾಡಿ ಸರಿಪಡಿಸಬಹುದಿತ್ತಲ್ಲ ಎಂದು ಒಳಗಿನಿಂದ ಯಾರೋ ಕೇಳುತ್ತಿದ್ದರು. ಮಾಡಲಿಲ್ಲ, ಯಾಕೆಂದರೆ ಆ ಡಬಲ್ ಎಂಬ ಮಾತಿನ ಬಿಸಿಯಲ್ಲಿ ಕೆಲವು ದಿನ ಅವನಿಗೆ ಸುಖವಾಗಿತ್ತು. ಆ ಸುಖ ನೆನಪಾದಾಗ ಅವನಿಗೆ ಕಿವಿ ಬಿಸಿಯಾಗುತ್ತಿತ್ತು. ಸಹಾಯ ನಿಲ್ಲುವುದೆಂದು ತಿಳಿದ ದಿನ ವಸುಧಾ ಊಟ ಬಿಟ್ಟಿದ್ದಳು. ಕಚೇರಿಯವರ ಜೊತೆ ಜಗಳ ಆಡಲು ಇಂಗ್ಲಿಷಿನ ವಾಕ್ಯಗಳನ್ನು ಪಾತ್ರೆ ತೊಳೆಯುತ್ತ ಜೋಡಿಸಿಕೊಂಡಳು, ಎರಡು ಸಲ ಫೋನನ್ನೂ ಕೈಗೆತ್ತಿಕೊಂಡಳು. ಎರಡು ಸಲವೂ ಅವನು, ನಾನ ಮಾತಾಡ್ತೀನಿ ಬಿಡು, ಎಂದು ತಡೆದ. ಪಾಪ, ನಂಬಿ ಫೋನನ್ನು ಕೆಳಗಿಟ್ಟಳು. ಕೊನೆಗೆ ಜಗಳ ಬಿಟ್ಟು, ಅಕ್ಕನ ಮನೆಯಲ್ಲಿ ಅವಳ ಮಕ್ಕಳ ಬಟ್ಟೆಯೊಂದಿಗೆ ಬೆರೆತುಹೋಗಬಾರದೆಂದು ಸಾನ್ವಿಯ ಅಂಗಿಗಳ ಒಳಪಟ್ಟಿಯ ಮೇಲೆ ಮಾಸದ ಪೆನ್ನಿನಿಂದ ಹೆಸರು ಬರೆಯುತ್ತ ಕುಳಿತಳು. ನಿನ್ನೆ ಸಂಜೆ ಅವನು ಬಾಗಿಲಲ್ಲಿ ನಿಂತು ಅದನ್ನು ನೋಡಿದ್ದ. ಅವಳು ತಲೆ ಎತ್ತಲಿಲ್ಲ.

ಈಗ ಅವನು ವ್ಯಾನು ನಿಲ್ಲಿಸಿದ ಸಹಾಯಧನದ ಕಚೇರಿ ಒಂದು ಸಾಲು ಅಂಗಡಿಗಳ ನಡುವೆ ಇತ್ತು. ಆ ಪಕ್ಕ ಲಾಂಡ್ರಿ, ಈ ಪಕ್ಕ ಕನ್ನಡಕದ ಅಂಗಡಿ. ಒಳಗೆ ತಾಯಂದಿರು, ತಳ್ಳುಗಾಡಿಗಳು, ಯಾರದೋ ಮಗು ನೆಲದ ಮೇಲೆ ಬಿಸ್ಕತ್ತಿನ ಪುಡಿ ಉದುರಿಸುತ್ತಿತ್ತು. ಬಿಡಿಭಾಗದ ರಸೀದಿಗಳಿದ್ದ ಬಿಸ್ಕತ್ತಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಮೂಲೆಯ ಕುರ್ಚಿಯಲ್ಲಿ ಕೂತ. ಇಷ್ಟೆಲ್ಲ ಹೆಂಗಸರ ನಡುವೆ ಗಂಡಸು ತಾನೊಬ್ಬ. ಕನ್ನಡದವರು ಯಾರಾದರೂ ಬಂದುಬಿಟ್ಟರೆ, ಎಂದು ಬಾಗಿಲು ತೆರೆದಾಗಲೆಲ್ಲ ಡಬ್ಬಿಯ ಮೇಲೆ ಬಗ್ಗುತ್ತಿದ್ದ. ಬಂದರೆ ಏನಾಯಿತು, ಅವರೂ ಇಲ್ಲಿಗೇ ಬಂದವರಲ್ಲವೆ, ಎಂದು ತಡವಾಗಿ ಹೊಳೆಯಿತು. ಎದುರಿನ ಹುಡುಗಿ, ಇಪ್ಪತ್ತು ದಾಟಿರಲಿಕ್ಕಿಲ್ಲ, ಪಕ್ಕದವಳಿಗೆ ತನ್ನ ಕೆಲಸದ ಗಂಟೆಗಳನ್ನು ಕಡಿಮೆ ಮಾಡಿದ್ದಾರೆಂದು ಹೇಳುತ್ತಿದ್ದಳು, ಬಸ್ಸು ತಡವಾಯಿತು ಅನ್ನುವಷ್ಟು ಸಲೀಸಾಗಿ. ಹಾಗೆ ಹೇಳಲು ಎಷ್ಟು ಧೈರ್ಯ ಬೇಕು ಎಂದುಕೊಂಡ. ಆಮೇಲೆ, ಧೈರ್ಯವೇನೂ ಬೇಡ, ಅವಳಿಗೆ ಇದ್ದದ್ದನ್ನು ಇದ್ದಂತೆ ಹೇಳಿ ರೂಢಿ ಇದೆ, ತನಗೆ ಇಲ್ಲ, ಎಂದುಕೊಂಡ. ಅಪ್ಪನ ಅಂಗಡಿಗೆ ಒಮ್ಮೆ ಬೀಗ ಬಿದ್ದಾಗ ಕೂಡ ಅವ್ವ ನೆರೆಯವರಿಗೆ, ಅಂಗಡಿಗೆ ಬಣ್ಣ ಹಚ್ಚಾಕತ್ತಾರ, ಎಂದಿದ್ದಳು. ಇಡೀ ಓಣಿಗೆ ಗೊತ್ತಿತ್ತು. ಗೊತ್ತಿದ್ದವರಲ್ಲೇ ಒಬ್ಬಾಕೆ ಆ ರಾತ್ರಿಯೂಟಕ್ಕೆ ರೊಟ್ಟಿಯ ಬುಟ್ಟಿ ಕಳಿಸಿದ್ದಳು, ಹಬ್ಬಕ್ಕೆ ಹೆಚ್ಚು ಮಾಡಿದ್ವಿ ಅಂತ ಹೇಳಿ. ಆಗ ಹಬ್ಬ ಯಾವುದೂ ಇರಲಿಲ್ಲ.

ಟ್ರೆವಿನೊ ದನಿಯಲ್ಲಿ ಕೇಳಿದ್ದಕ್ಕಿಂತ ವಯಸ್ಸಾದ ಹೆಂಗಸು, ಮೂಗಿನ ತುದಿಗೆ ಕನ್ನಡಕ. ಏನು ಬದಲಾಗಿದೆ ಹೇಳಿ, ಎಂದಳು. ಅವನು ಪೇಟೆಯ ವಿಷಯದಿಂದ ಶುರು ಮಾಡಿದ. ಹಾರ್ವಿನ್ ಅಂಗಡಿಯ ಮಾಲೀಕನ ಆರೋಗ್ಯ ಸರಿಯಿಲ್ಲದ್ದು, ಜನ ಈಗ ಹೊಸ ಯಂತ್ರವನ್ನೇ ಕೊಳ್ಳುವುದು, ಸದ್ಯಕ್ಕೆ ಸ್ವಲ್ಪ ಹೊಂದಾಣಿಕೆ ನಡೆದಿರುವುದು, ಮಾರ್ಚಿನ ಹೊತ್ತಿಗೆ ಎಲ್ಲ ಸರಿಹೋಗುವುದು. ತನ್ನ ಮಾತು ತನಗೇ ಕೇಳಿಸುತ್ತಿತ್ತು, ಅಂಗಡಿಗೆ ಬಣ್ಣ ಹಚ್ಚುತ್ತಿದ್ದ. ಆಕೆ ಅಡ್ಡ ಬರದೆ ಕೇಳಿದಳು. ಮುಗಿದ ಮೇಲೆ ಕನ್ನಡಕ ಏರಿಸಿಕೊಂಡು, ಮಗುವನ್ನು ಕೇಳುವಂತೆ ಮೆಲ್ಲಗೆ ಕೇಳಿದಳು:

‘ಸರ್, ಏರಿದೆಯೋ, ಇಳಿದಿದೆಯೋ?’

ಮೇಜಿನ ಮೇಲೆ ಕುಂಬಳಕಾಯಿಯ ಪಕ್ಕ ನಿಂತ ಇಬ್ಬರು ಮೊಮ್ಮಕ್ಕಳ ಫೋಟೋ ಇತ್ತು. ಅಪ್ಪಾಸಾಹೇಬ ಅದನ್ನೇ ನೋಡುತ್ತ ಕೂತ. ಮಾತಿಗೆ ಅಪ್ಪ ಅಡ್ಡ ನಿಂತಿದ್ದ, ಅವ್ವ ಅಡ್ಡ ನಿಂತಿದ್ದಳು, ಉಂಡಿ ಹಿಡಿದ ಬಸಲಿಂಗಪ್ಪ ಕಾಕಾ ಅಡ್ಡ ನಿಂತಿದ್ದರು. ಅವರೆಲ್ಲರ ಹಿಂದೆ ಅಂಗಿಯ ಮೇಲೆ ಬಗ್ಗಿ ಹೆಸರು ಬರೆಯುತ್ತಿದ್ದ ವಸುಧಾಳ ಬೈತಲೆ ಕಾಣುತ್ತಿತ್ತು.

‘ಇಳಿದಿದೆ,’ ಎಂದ. ‘ಆಗಲೂ ಇಳಿದೇ ಇತ್ತು. ನೀವು ಫೋನು ಮಾಡಿದಾಗ ಮನೆಯಲ್ಲಿ ಅತಿಥಿಗಳಿದ್ದರು.’

ಆಕೆ ನಗಲಿಲ್ಲ. ಅವನು ನಗುವಿಗೆ ಸಿದ್ಧನಾಗಿ ಬಂದಿದ್ದ, ಬೈಗುಳಕ್ಕೆ, ಮೋಸದ ಆಪಾದನೆಗೆ ಸಿದ್ಧನಾಗಿ ಬಂದಿದ್ದ. ಆಕೆ ಪೆನ್ನು ಕೆಳಗಿಟ್ಟಳು. ಇಲ್ಲಿಗೆ ಬರುವವರು ಇದ್ದದ್ದನ್ನು ಕಡಿಮೆ ಮಾಡಿ ಹೇಳುವುದುಂಟು, ಹೆಚ್ಚು ಮಾಡಿ ಹೇಳಿದವರು ತನಗೆ ನೆನಪಿಲ್ಲ ಎಂದಳು. ಆಮೇಲೆ ಡಬ್ಬಿಯತ್ತ ಕೈ ಚಾಚಿದಳು. ಬಿಡಿಭಾಗದ ಖರ್ಚು, ವ್ಯಾನಿನ ಪೆಟ್ರೋಲು, ಎಲ್ಲವನ್ನೂ ಕಳೆದ ಮೇಲೆ ಉಳಿಯುವುದು ಮಾತ್ರ ನಿಮ್ಮ ಆದಾಯ, ಖಾಲಿ ಬಿಡುವ ಜಾಗವಲ್ಲ ಇದು, ಎಂದು ತೋರಿಸಿಕೊಟ್ಟಳು. ಎಣ್ಣೆ ಮೆತ್ತಿದ ಆ ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ಸಾಫು ಮಾಡಿ ಆಕೆ ಜೋಡಿಸುವುದನ್ನು ನೋಡುತ್ತ ಅವನಿಗೆ ಕಣ್ಣು ತುಂಬಿ ಬಂತು. ಅವನ ನಷ್ಟವನ್ನು ಇಷ್ಟು ಮರ್ಯಾದೆಯಿಂದ ಯಾರೂ ಕೈಯಲ್ಲಿ ಹಿಡಿದಿರಲಿಲ್ಲ. ನಿಲ್ಲಿಸಿದ ಸಹಾಯವನ್ನು ಇವತ್ತೇ ಮತ್ತೆ ಹರಿಸುವುದು ತನ್ನ ಕೈಯಲ್ಲಿಲ್ಲ, ಮೇಲಿನವರು ನೋಡಬೇಕು, ಒಂದೆರಡು ವಾರವಾದರೂ ಹಿಡಿಯುತ್ತದೆ, ಆದರೆ ಈ ಲೆಕ್ಕ ನೋಡಿದರೆ ಸಿಗದೆ ಇರುವುದಿಲ್ಲ, ನಿಮ್ಮ ಪಾಲೂ ಮೊದಲಿಗಿಂತ ಕಡಿಮೆಯಾದೀತು ಎಂದಳು. ಅಲ್ಲಿಯ ತನಕ ಮಗುವಿನ ಜಾಗ ಕಾದಿಡುವುದು ಬಿಡುವುದು ಡೇಕೇರಿನವರಿಗೆ ಬಿಟ್ಟದ್ದು. ಅವನು ಎದ್ದು ನಿಂತಾಗ ಆಕೆ ಇನ್ನೊಂದು ಮಾತು ಸೇರಿಸಿದಳು.

‘ಮುಂದಿನ ಸಲ ಮನೆಯಲ್ಲಿ ಅತಿಥಿಗಳಿದ್ದರೆ, ಆಮೇಲೆ ಫೋನು ಮಾಡಿ ಅನ್ನಿ. ನಾನು ಮಾಡುತ್ತೇನೆ.’

ಅವನು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ. ಆಫೀಸಿನ ಇಂಗ್ಲಿಷು ಆ ಹೊತ್ತಿಗೆ ಅವನ ಹತ್ತಿರ ಉಳಿದಿರಲಿಲ್ಲ.

ಸಂಜೆ ಡೇಕೇರಿಗೆ ಬಂದಾಗ ಮಕ್ಕಳು ಇನ್ನೂ ಹೊರಗೆ ಆಡುತ್ತಿದ್ದರು. ಡಿಸೆಂಬರಿನ ತೆಳು ಬಿಸಿಲು. ಡೇಕೇರ್ ನಡೆಸುವ ಮಿಸ್ ಅರ್ಲೀನ್ ದಪ್ಪ ಸ್ವೆಟರು ತೊಟ್ಟು ಬೇಲಿಯ ಬಳಿ ನಿಂತಿದ್ದಳು. ಈ ಕರಿಯ ಮುದುಕಿ ಸಿಟ್ಟು ಮಾಡಿದ್ದನ್ನು ಅವನು ಕಂಡಿರಲಿಲ್ಲ, ಅವಸರ ಮಾಡಿದ್ದನ್ನೂ ಕಂಡಿರಲಿಲ್ಲ. ಇಲ್ಲ ಎಂದುಬಿಟ್ಟರೆ ಏನು ಮಾಡುವುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದ. ಕಾಯುವ ಮಕ್ಕಳ ಪಟ್ಟಿ ಅವಳ ಹತ್ತಿರ ಉದ್ದಕ್ಕೆ ಇತ್ತೆಂದು ಅವನಿಗೆ ಗೊತ್ತಿತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಬೆರಳೆತ್ತಿ ತಾಳಿ ಎಂದು ಸನ್ನೆ ಮಾಡಿ, ಚಪ್ಪಾಳೆ ತಟ್ಟಿದಳು. ಮಕ್ಕಳು ಓಡಿ ಬಂದು ಸಾಲಾದರು. ಒಳಗೆ ಕರೆದೊಯ್ಯುವ ಮುಂಚೆ ತಲೆ ಎಣಿಸುವುದು ಅವಳ ಪದ್ಧತಿ. ಸಾನ್ವಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಮಿಸ್ ಅರ್ಲೀನ್ ಅವಳ ತಲೆಯ ಮೇಲೆ ಕೈಯಿಟ್ಟಳು.

‘ಲಾಬಾ,’ ಎಂದಳು. ಅವಳೊಂದಿಗೆ ಇಡೀ ಸಾಲು ಕೂಗಿತು, ‘ಲಾಬಾ, ಟೂ, ಥ್ರೀ, ಫೋರ್…’

ಅಪ್ಪಾಸಾಹೇಬ ಬೇಲಿ ಹಿಡಿದುಕೊಂಡ. ಹೊಂಬಣ್ಣದ ಕೂದಲಿನದು, ಗುಂಗುರು ಕೂದಲಿನದು, ಮೂಗು ಸೋರುತ್ತಿದ್ದದ್ದು, ಎಲ್ಲವೂ ತಮ್ಮ ತಮ್ಮ ಸಂಖ್ಯೆ ಬಂದಾಗ ಕುಪ್ಪಳಿಸುತ್ತಿದ್ದವು. ಗೋಕಾಕದ ಪಡಸಾಲೆಯಲ್ಲಿ ಜೋಳದ ರಾಶಿಯ ಮುಂದೆ ಕುಕ್ಕುರುಗಾಲಲ್ಲಿ ಕೂತ ಅವ್ವನ ದನಿ ಇಲ್ಲಿಯ ತನಕ ಬಂದಿತ್ತು, ಅವನಿಗೆ ತಿಳಿಯದೆ. ಇದು ನಿಮ್ಮ ಭಾಷೆಯಲ್ಲಿ ಒಂದು ತಾನೆ, ಎಂದು ಮಿಸ್ ಅರ್ಲೀನ್ ಕೇಳಿದಳು. ಸಾನ್ವಿ ಜ್ವರದಿಂದ ಮಲಗಿದ್ದ ವಾರ ತಾನು ‘ವನ್’ ಎಂದು ಶುರು ಮಾಡಿದರೆ ಮಕ್ಕಳು ಒಪ್ಪಲೇ ಇಲ್ಲ, ಮತ್ತೆ ಮೊದಲಿನಿಂದ ಎಣಿಸಬೇಕಾಯಿತು ಎಂದಳು. ಅದರ ಅರ್ಥ ಬೇರೆ ಎಂದು ಹೇಳಲು ಹೋದವನು, ಹೌದು ಎಂದುಬಿಟ್ಟ. ಆಮೇಲೆ, ಬೇಲಿ ಹಿಡಿದುಕೊಂಡೇ, ತಾನು ಕಚೇರಿಗೆ ಹೇಳಿದ್ದು, ಇವತ್ತು ಹೋಗಿ ತಿದ್ದಿದ್ದು, ಒಂದೆರಡು ವಾರ ದುಡ್ಡು ಬಾರದೆ ಇರುವುದು, ಎಲ್ಲವನ್ನೂ ಹೇಳಿದ. ಎರಡನೆಯ ಸಲ ಹೇಳುವುದು ಅಷ್ಟು ಕಷ್ಟವಾಗಲಿಲ್ಲ. ಅವಳು ಒಂದು ಮಗುವಿನ ಮೂಗು ಒರೆಸುತ್ತ ಕೇಳಿಸಿಕೊಂಡಳು.

‘ಸೋಮವಾರ ಕರೆದುಕೊಂಡು ಬನ್ನಿ,’ ಎಂದಳು. ‘ಕಾಗದ ಬರುವಾಗ ಬರುತ್ತದೆ.’

ಇಷ್ಟೇ. ಇದಕ್ಕಾಗಿ ಅವನು ಒಂದು ತಿಂಗಳು ನಿದ್ದೆಗೆಟ್ಟಿದ್ದ. ಥ್ಯಾಂಕ್ಯೂ ಎಂದರೆ ಸಾಲದು ಅನ್ನಿಸಿ, ನಿಮ್ಮ ಹೊಲಿಗೆ ಯಂತ್ರ ಏನಾದರೂ ಕೆಟ್ಟಿದ್ದರೆ, ಎಂದ. ತನ್ನ ಹತ್ತಿರ ಯಂತ್ರವೇ ಇಲ್ಲ ಎಂದು ಅವಳು ನಕ್ಕಳು.

ಅಷ್ಟರಲ್ಲಿ ಸಹೋದ್ಯೋಗಿಯೊಬ್ಬಳ ಕಾರಿನಿಂದ ವಸುಧಾ ಇಳಿದಳು, ಆಸ್ಪತ್ರೆಯ ನೀಲಿ ಬಟ್ಟೆಯಲ್ಲೇ. ಕೊನೆಯ ದಿನವೆಂದು ಮಿಸ್ ಅರ್ಲೀನಳಿಗೆ ಕೊಡಲು ಹೂವಿನ ಕುಂಡವೊಂದನ್ನು ತಂದಿದ್ದಳು. ಮಿಸ್ ಅರ್ಲೀನ್ ಕುಂಡವನ್ನು ತೆಗೆದುಕೊಂಡು, ಸೋಮವಾರ ಸಿಗೋಣ, ಎಂದಾಗ ವಸುಧಾ ಗಂಡನ ಮುಖ ನೋಡಿದಳು. ಅವನು ಮಗಳನ್ನು ಎತ್ತಿಕೊಂಡು ವ್ಯಾನಿನ ಹಿಂದಿನ ಸೀಟಿಗೆ ಕಟ್ಟಿದ. ರಸ್ತೆಗೆ ಬಂದ ಮೇಲೆ, ಕಣ್ಣು ರಸ್ತೆಯ ಮೇಲಿಟ್ಟುಕೊಂಡು ಹೇಳಿದ.

‘ಆಫೀಸಿನವ್ರು ತಪ್ಪು ಮಾಡಿಲ್ಲ, ವಸುಧಾ. ಧಂಧೆ ಡಬಲ್ ಆಗೇದ ಅಂತ ಹೇಳಿದಾವ ನಾನು. ಪಾಡ್ಯದ ದಿನ, ಬಸಲಿಂಗಪ್ಪ ಕಾಕಾನ ಮುಂದ.’

ಸಿಗ್ನಲ್ ಬಂತು, ಹೋಯಿತು. ಬೆಳಿಗ್ಗೆಯಿಂದ ಆದದ್ದನ್ನೆಲ್ಲ ಅವನು ಹೇಳುತ್ತಲೇ ಹೋದ, ಡಬ್ಬಿ, ರಸೀದಿ, ಅತಿಥಿಗಳಿದ್ದರೆ ಆಮೇಲೆ ಫೋನು ಮಾಡುವೆನೆಂದ ಟ್ರೆವಿನೊ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

‘ಅಂಗಿಗೆಲ್ಲಾ ಹೆಸರು ಬರ್ದೆ ನಾನು,’ ಎಂದಳು ಕೊನೆಗೆ. ‘ನೀವು ನಿಂತು ನೋಡಿದ್ರಿ.’

ತಪ್ಪಾಯಿತು ಎಂದ. ಅವಳು ಕಣ್ಣೊರೆಸಿಕೊಂಡಳು. ಧಂಧೆ ಬಿದ್ದದ್ದು ತನಗೆ ಬೇಸಿಗೆಯಿಂದಲೇ ಗೊತ್ತಿತ್ತು ಎಂದಳು, ಮನೆಯ ಸಂತೆ ಮಾಡುವವಳಿಗೆ ಗೊತ್ತಾಗದೆ ಇರುತ್ತದೆಯೆ, ಇವರಾಗಿ ಹೇಳಲಿ ಅಂತ ಕಾದಿದ್ದೆ ಎಂದಳು. ಗೋಕಾಕದ ಮನೆಗೆ ಸೊಸೆಯಾಗಿ ಬಂದ ದಿನದಿಂದ ಖಾಲಿ ಡಬ್ಬಿಯನ್ನು ಅವನ ಕಣ್ಣಿಗೆ ಬೀಳುವ ಕಡೆ ಇಡುವುದನ್ನು ಅವಳೂ ಕಲಿತಿದ್ದಳು. ಈ ವಾರವಿಡೀ ಅಡುಗೆಮನೆಯ ಕಟ್ಟೆಯ ತುದಿಯಲ್ಲಿ ಅಕ್ಕಿಯ ಡಬ್ಬಿ ಇದ್ದದ್ದು ಅವನಿಗೆ ಈಗ ನೆನಪಾಯಿತು. ಆಮೇಲೆ ಅವಳು, ಬಸಲಿಂಗಪ್ಪ ಕಾಕಾ ಬಂದು ಸಾನ್ವಿ ಫೀ ತುಂಬ್ತಿದ್ರೇನು, ಎಂದು ಕೇಳಿದಳು. ದನಿಯಲ್ಲಿ ಸಿಟ್ಟು ಇತ್ತು, ಆದರೆ ಅದರ ಅಂಚಿನಲ್ಲಿ ನಗು ಸುಳಿದಂತಾಯಿತು. ಮನೆಯ ಕಡೆಯ ತಿರುವು ಹತ್ತಿರ ಬಂದಾಗ ಅವಳು ಅವನ ತೋಳು ಮುಟ್ಟಿದಳು.

‘ಅಕ್ಕಿ ತೀರ್ಯಾವ್ರಿ,’ ಎಂದಳು, ಒಂದೊಂದು ಅಕ್ಷರವನ್ನೂ ಬಿಡಿಸಿ. ‘ಅಂಗಡಿ ಕಡೆ ತಿರಗಸ್ರಿ.’

ತೀರಿತು ಎನ್ನುವ ಮಾತನ್ನು ಅವನು ಹುಟ್ಟಿದಾಗಿನಿಂದ ತನ್ನ ಮನೆಯ ಯಾವ ಹೆಂಗಸಿನ ಬಾಯಲ್ಲೂ ಕೇಳಿರಲಿಲ್ಲ. ಕೇಳಿದ ಮೇಲೂ ಏನೂ ಆಗಲಿಲ್ಲ, ವ್ಯಾನು ತನ್ನ ಪಾಡಿಗೆ ಓಡುತ್ತಿತ್ತು. ಹಿಂದಿನ ಸೀಟಿನಿಂದ ಸಾನ್ವಿ ಕುತೂಹಲದಿಂದ ಮುಂದೆ ಬಾಗಿದಳು.

‘ವಿ ಡೋಂಟ್ ಹ್ಯಾವ್ ರೈಸ್?’

‘ಇಲ್ಲವ್ವಾ,’ ಎಂದ ಅಪ್ಪಾಸಾಹೇಬ. ‘ಒಂದು ಕಾಳೂ ಇಲ್ಲ.’

ಎಂದು, ಇಂಡಿಕೇಟರ್ ಹಾಕಿ, ಅಂಗಡಿಯ ಕಡೆ ತಿರುಗಿಸಿದ.